ಐ7 ಅಂತ ನೋಡಿ ಲ್ಯಾಪ್‌ಟಾಪ್ ಕೊಳ್ಳಬೇಡಿ, ಎಷ್ಟು ವ್ಯಾಟ್ ಅಂತ ಕೇಳಿ

ರೆಂಡರಿಂಗ್ (3ಡಿ ಮಾದರಿಯಿಂದ ಕೊನೆಯ ಚಿತ್ರ ತೆಗೆಯುವುದು), ದೊಡ್ಡ ಕೋಡ್ ಕಂಪೈಲ್ ಮಾಡುವುದು, ರಾಶಿ ರಾಶಿ ಫೋಟೊ ತಿದ್ದುವುದು. ಹೀಗೆ ಪ್ರೊಸೆಸರ್‌ಗೆ ತುಂಬಾ ಹೊತ್ತು ಬಿಡುವಿಲ್ಲದ ಕೆಲಸ ಕೊಡುವವರು ಡೆಸ್ಕ್‌ಟಾಪ್ ಬಿಟ್ಟು ತೆಳ್ಳನೆಯ ಲ್ಯಾಪ್‌ಟಾಪ್‌ಗೆ ಹೋಗುವ ಯೋಚನೆಯಲ್ಲಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ಬರೀ ಬ್ರೌಸರ್, ವರ್ಡ್, ಎಕ್ಸೆಲ್ ಬಳಸುವವರಿಗೆ ಈ ತಲೆನೋವಿಲ್ಲ.

ನಾನು ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮನೆ ಒಳಾಂಗಣದ 3ಡಿ ಚಿತ್ರಗಳನ್ನು ಮಾಡುತ್ತೇನೆ. ಡೆಸ್ಕ್‌ಟಾಪ್‌ನಲ್ಲಿರುವುದು ಇಂಟೆಲ್ ಕೋರ್ ಐ5-12400. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಎಲ್ಲ ರೆಂಡರ್ ಪ್ರೊಸೆಸರ್ ಮೇಲೆಯೇ. ಓಡಾಟ ಜಾಸ್ತಿಯಾದ ಮೇಲೆ ಲ್ಯಾಪ್‌ಟಾಪ್ ಬೇಕಾಯಿತು. ಕಣ್ಣಿಗೆ ಬಿದ್ದದ್ದು ಐ7-1255ಯು ಇರುವ ಒಂದು ಹಗುರ ಮಾಡೆಲ್. ಕಂಪನಿಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ 10 ಕೋರ್, 4.7 ಗಿಗಾಹರ್ಟ್ಸ್, "ಡೆಸ್ಕ್‌ಟಾಪ್ ಮಟ್ಟದ ಶಕ್ತಿ" ಅಂತ ಬರೆದಿತ್ತು. ನನ್ನ ಐ5ಕ್ಕೆ 6 ಕೋರ್, 4.4 ಗಿಗಾಹರ್ಟ್ಸ್. ಎರಡೂ 12ನೇ ತಲೆಮಾರಿನವು. ಮಾರುವವರನ್ನು ನೇರವಾಗಿಯೇ ಕೇಳಿದೆ: ರೆಂಡರ್ ಮಾಡಲು ಇದು ನನ್ನ ಡೆಸ್ಕ್‌ಟಾಪ್‌ಗಿಂತ ಬೇಗ ಇರುತ್ತದಾ? "ಐ5 ಎಲ್ಲಿ, ಐ7 ಎಲ್ಲಿ ಸರ್, ಕೇಳಲೇಬೇಡಿ" ಅಂದರು.

ಡೆಸ್ಕ್‌ಟಾಪ್ 20 ನಿಮಿಷದಲ್ಲಿ ಮುಗಿಸುವ ದೃಶ್ಯಕ್ಕೆ ಈ ಐ7 ಹೆಚ್ಚುಕಡಿಮೆ 40 ನಿಮಿಷ ತೆಗೆದುಕೊಂಡಿತು. ಅದೇ ಫೈಲ್, ಅದೇ ಸೆಟ್ಟಿಂಗ್, ಚಾರ್ಜರ್ ಹಾಕಿಯೇ ಇತ್ತು.

ಎಚ್‌ಡಬ್ಲ್ಯುಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟು ರೆಂಡರ್ ಶುರು ಮಾಡಿದರೆ ಬಣ್ಣ ಬಯಲಾಗುತ್ತದೆ. ಮೊದಲ ಅರ್ಧ ನಿಮಿಷ ಪ್ರೊಸೆಸರ್ 50 ವ್ಯಾಟ್ ಆಸುಪಾಸಿನಲ್ಲಿ ಕರೆಂಟ್ ಎಳೆಯುತ್ತಿತ್ತು. ದೊಡ್ಡ ಕೋರ್‌ಗಳು ಮೂರೂವರೆ ಗಿಗಾಹರ್ಟ್ಸ್ ದಾಟಿದವು, ಬಿಸಿ 90 ಡಿಗ್ರಿ ಮೀರಿತು, ಫ್ಯಾನ್ ಕೂಗತೊಡಗಿತು. ಆಮೇಲೆ ಯಾರೋ ನಲ್ಲಿ ತಿರುಗಿಸಿದ ಹಾಗೆ ವ್ಯಾಟ್ ಸರ್ರನೆ 15ಕ್ಕೆ ಇಳಿಯಿತು. ವೇಗ 2 ಗಿಗಾಹರ್ಟ್ಸ್‌ಗಿಂತ ಕೆಳಗೆ ಹೋಗಿ, ರೆಂಡರ್ ಮುಗಿಯುವವರೆಗೂ ಅಲ್ಲೇ ಕೂತಿತು.

ಇಲ್ಲಿ ಗಮನಿಸಬೇಕಾದದ್ದು ಬಿಸಿಯನ್ನು. ವ್ಯಾಟ್ ಇಳಿದ ಮೇಲೆ ಅದು 65 ಡಿಗ್ರಿಗೆ ಬಂದಿತ್ತು. ಆದರೂ ವೇಗ ಮೇಲೇಳಲಿಲ್ಲ. ಅಂದರೆ ಚಿಪ್ ಬಿಸಿಯಾಗಿ ಸುಸ್ತಾದದ್ದಲ್ಲ, 15 ವ್ಯಾಟ್‌ಗಿಂತ ಜಾಸ್ತಿ ಕೊಡಬೇಡ ಅಂತ ಲ್ಯಾಪ್‌ಟಾಪ್ ಮಾಡಿದವರೇ ಕಟ್ಟುಹಾಕಿದ್ದಾರೆ. ಎಚ್‌ಡಬ್ಲ್ಯುಇನ್ಫೋದಲ್ಲಿ ವೇಗ ಕಡಿಮೆಯಾಗಲು ಕಾರಣ ತೋರಿಸುವ ಸಾಲುಗಳಿವೆ. ಅದರಲ್ಲಿ ಪಿಎಲ್1 (ಬಹಳ ಹೊತ್ತಿನ ವಿದ್ಯುತ್ ಮಿತಿ) ಅನ್ನುವುದರ ಮುಂದೆ "ಯೆಸ್" ಅಂತ ಬಂದಿದ್ದರೆ ಇದೇ ಕಥೆ. ಕೂಲಿಂಗ್ ಪ್ಯಾಡ್ ತಗೊಳ್ಳಿ, ಥರ್ಮಲ್ ಪೇಸ್ಟ್ ಬದಲಾಯಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಇಂಥ ಮಷಿನ್‌ನಲ್ಲಿ ಅದೆಲ್ಲ ದಂಡ. ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರ್ ಬಳಸಿ ಮಿತಿ ಏರಿಸಿಯೂ ನೋಡಿದೆ, ಕೆಲವೇ ಕ್ಷಣದಲ್ಲಿ ತಾನಾಗಿಯೇ ಹಿಂದಿನ ಅಂಕಿಗೆ ಬಂತು.

ಇಂಟೆಲ್ ಚಿಪ್‌ಗಳಲ್ಲಿ ಎರಡು ವಿದ್ಯುತ್ ಮಿತಿಗಳಿರುತ್ತವೆ. ಪಿಎಲ್2 ಸ್ವಲ್ಪ ಹೊತ್ತಿನದು, ಪಿಎಲ್1 ಬಹಳ ಹೊತ್ತಿನದು. ಜಾಹೀರಾತಿನ 4.7 ಗಿಗಾಹರ್ಟ್ಸ್ ಆ ಸ್ವಲ್ಪ ಹೊತ್ತಿಗೆ, ಅದೂ ಒಂದೋ ಎರಡೋ ಕೋರ್ ಮಾತ್ರ ದುಡಿಯುವಾಗ ಸಿಗುವಂಥದ್ದು. ಇಂಟೆಲ್ ಪಟ್ಟಿಯಲ್ಲಿ ಐ7-1255ಯು ಮೂಲ ವಿದ್ಯುತ್ ಮಿತಿ 15 ವ್ಯಾಟ್, ಐ5-12400ರದ್ದು 65 ವ್ಯಾಟ್. ಮೂಲ ವೇಗವೂ ಅಷ್ಟೇ, ಐ7ರ ದೊಡ್ಡ ಕೋರ್‌ಗಳದ್ದು 1.7 ಗಿಗಾಹರ್ಟ್ಸ್, ಐ5ರದ್ದು 2.5. ಈ ಅಂಕಿಗಳನ್ನು ಯಾರೂ ಮುಚ್ಚಿಟ್ಟಿಲ್ಲ, ನಿಜ. ಆದರೆ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಹಾಕುವವರೂ ಇಲ್ಲ.

ಇನ್ನು ಆ 10 ಕೋರ್. ಟಾಸ್ಕ್ ಮ್ಯಾನೇಜರ್ ತೆರೆದರೆ ಎರಡೂ ಕಂಪ್ಯೂಟರ್‌ಗಳಲ್ಲಿ 12 ಚೌಕಗಳೇ ಕಾಣುತ್ತವೆ. ನೋಡಿದರೆ ಸಮಸಮ ಅನ್ನಿಸುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಆ 12 ಬರುವುದು 6 ದೊಡ್ಡ ಕೋರ್‌ಗಳಿಂದ, ಒಂದೊಂದಕ್ಕೆ ಎರಡು ಥ್ರೆಡ್ (ಒಟ್ಟಿಗೇ ನಡೆಸುವ ಕೆಲಸದ ಸಾಲು). ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಕೋರ್ ಇರುವುದು ಬರೀ ಎರಡು. ಅವುಗಳ ಪಾಲು 4 ಚೌಕ, ಉಳಿದ 8 ಕರೆಂಟ್ ಉಳಿಸುವ ಚಿಕ್ಕ ಕೋರ್‌ಗಳದ್ದು. ಚಿಕ್ಕವು ಕೆಲಸಕ್ಕೆ ಬಾರದವು ಅಂತಲ್ಲ. ಆದರೆ ಎಲ್ಲವನ್ನೂ ಕೂಡಿಸಿ "10" ಅಂತ ಬರೆದು 6ರ ಪಕ್ಕ ಇಡುವುದು ಲೆಕ್ಕ ಅಲ್ಲ, ಕಣ್ಕಟ್ಟು.

ಇನ್ನೊಂದು ಚಿಪ್ ಕಂಪನಿ ಎಎಂಡಿಯಲ್ಲೂ ಇದೇ ಪಾಡು. ಡೆಸ್ಕ್‌ಟಾಪ್‌ನ ರೈಜೆನ್ 9 5900ಎಕ್ಸ್‌ಗೆ 12 ಕೋರ್, ಲ್ಯಾಪ್‌ಟಾಪ್‌ನ ರೈಜೆನ್ 9 5900ಎಚ್‌ಎಕ್ಸ್‌ಗೆ 8. ರೈಜೆನ್ 7 5800ಎಕ್ಸ್ ಮತ್ತು 5800ಯು ಎರಡಕ್ಕೂ 8 ಕೋರ್ ಇದ್ದರೂ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಮೊದಲನೆಯದಕ್ಕೆ 32 ಎಂಬಿ, ಎರಡನೆಯದಕ್ಕೆ 16. ಲ್ಯಾಪ್‌ಟಾಪ್‌ನ 7000 ಸಾಲಿನಲ್ಲಿ ಮೂರನೇ ಅಂಕಿ ನೋಡದೆ ಮುಂದೆ ಹೋಗಲೇಬೇಡಿ, ಒಳಗಿನ ವಿನ್ಯಾಸ ಎಷ್ಟು ಹಳೆಯದು ಅಂತ ಅದೇ ಹೇಳುತ್ತದೆ. 7520ಯು ಒಳಗಿರುವುದು ಜೆನ್ 2 (ಜೆನ್ ಅನ್ನುವುದು ಎಎಂಡಿ ವಿನ್ಯಾಸದ ಹೆಸರು, ಅಂಕಿ ದೊಡ್ಡದಾದಷ್ಟು ಹೊಸದು), 7540ಯು ಒಳಗೆ ಜೆನ್ 4. ಇಂಟೆಲ್ "ಐ" ಬಿಟ್ಟು ಅಲ್ಟ್ರಾ ಅಂತ ಹೆಸರಿಟ್ಟ ಮೇಲೂ ಗೊಂದಲ ಹೋಗಿಲ್ಲ. ಅಲ್ಟ್ರಾ 7 265ಕೆ ಡೆಸ್ಕ್‌ಟಾಪ್‌ಗೆ, 20 ಕೋರ್, ಅದರಲ್ಲಿ 8 ದೊಡ್ಡವು. ಅಲ್ಟ್ರಾ 7 265ಯು ಲ್ಯಾಪ್‌ಟಾಪ್‌ಗೆ, 12 ಕೋರ್, ದೊಡ್ಡವು ಎರಡೇ. ಕೊನೆಯ ಒಂದಕ್ಷರ ಬಿಟ್ಟರೆ ಹೆಸರಲ್ಲಿ ಏನೂ ವ್ಯತ್ಯಾಸ ಇಲ್ಲ.

ಹಾಗಾಗಿ ಆ ಕೊನೆಯ ಅಕ್ಷರವೇ ಮುಖ್ಯ. ಇಂಟೆಲ್ 12ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಯು ಅಂದರೆ ಸಾಮಾನ್ಯವಾಗಿ 15 ವ್ಯಾಟ್, ಪಿ 28, ಎಚ್ 45, ಎಚ್‌ಎಕ್ಸ್ 55. ನನ್ನಂಥ ಕೆಲಸಕ್ಕೆ ಎಚ್‌ಗಿಂತ ಕೆಳಗೆ ಇಳಿಯಬಾರದು. ಹಾಗಂತ ಎಚ್ ಅಂತ ಇದ್ದರೆ ನಿಶ್ಚಿಂತೆ ಅಂತಲೂ ಅಲ್ಲ. ಅದೇ ಐ7-12700ಎಚ್ ಅನ್ನು ತೆಳು ಮಾಡೆಲ್‌ನಲ್ಲಿ ಕೂರಿಸಿ ಕಡಿಮೆ ವ್ಯಾಟ್‌ಗೆ ಕಟ್ಟಬಹುದು, ದಪ್ಪ ಗೇಮಿಂಗ್ ಮಾಡೆಲ್‌ನಲ್ಲಿ ಎರಡರಷ್ಟು ಕೊಡಬಹುದು. ಕಂಪನಿಯವರ ಇಷ್ಟ. ಆಪಲ್‌ನ ಎಂ1 ನೋಡಿ, 2020ರಲ್ಲಿ ಅದು ಮ್ಯಾಕ್‌ಬುಕ್ ಏರ್‌ಗೂ ಬಂತು, ಮ್ಯಾಕ್ ಮಿನಿಗೂ ಬಂತು. ಏರ್‌ನಲ್ಲಿ ಫ್ಯಾನ್ ಇಲ್ಲ, ಮಿನಿಯಲ್ಲಿ ಇದೆ. ಸಣ್ಣಪುಟ್ಟ ಕೆಲಸದಲ್ಲಿ ಎರಡೂ ಒಂದೇ. ತುಂಬಾ ಹೊತ್ತು ದುಡಿಸಿದರೆ ಏರ್ ನಿಧಾನ ಆಗುತ್ತದೆ, ಮಿನಿ ಆಗುವುದಿಲ್ಲ.

ಅದಕ್ಕೇ ಚಿಪ್ ಹೆಸರು ಹಾಕಿ ಹುಡುಕಿದಾಗ ಸಿಗುವ ಸ್ಕೋರ್ ಪಟ್ಟಿಗಳನ್ನು ನಂಬಿ ಕೂರಬೇಡಿ. ಆ ಸ್ಕೋರ್ ಬಂದದ್ದು ಯಾವ ಲ್ಯಾಪ್‌ಟಾಪ್‌ನಲ್ಲಿ, ಎಷ್ಟು ವ್ಯಾಟ್‌ನಲ್ಲಿ ಅಂತ ಅಲ್ಲಿ ಇರುವುದಿಲ್ಲ. ವೇಗ ಅಳೆಯುವ ಸಾಫ್ಟ್‌ವೇರ್ ಗೀಕ್‌ಬೆಂಚ್‌ನ ಪರೀಕ್ಷೆಗಳು ಚಿಕ್ಕವು, ನಡುನಡುವೆ ಬಿಡುವೂ ಇರುತ್ತದೆ, ಆ ಬಿಡುವಿನಲ್ಲಿ ಚಿಪ್ ಸುಧಾರಿಸಿಕೊಳ್ಳುತ್ತದೆ. ಅಂಥದೇ ಇನ್ನೊಂದು ಸಾಫ್ಟ್‌ವೇರ್ ಸಿನೆಬೆಂಚ್ ಆರ್23 ಸುಮ್ನೆ ಬಿಟ್ಟರೆ 10 ನಿಮಿಷ ಎಡೆಬಿಡದೆ ಓಡಿಸುತ್ತದೆ, ನಮಗೆ ಬೇಕಾದದ್ದು ಅದು. ನಿಮ್ಮ ಮಾಡೆಲ್‌ನ ಹೆಸರು ಹಾಕಿ, ಆ 10 ನಿಮಿಷದ ಅಂಕಿ ಮತ್ತು ಕೊನೆಯಲ್ಲಿ ನಿಂತ ವ್ಯಾಟ್ ಎರಡನ್ನೂ ಕೊಟ್ಟಿರುವ ವಿಮರ್ಶೆ ಹುಡುಕಿ. ಸಿಗಲಿಲ್ಲವೆಂದರೆ ಆ ಮಾಡೆಲ್ ಬಿಡಿ. ಚಾರ್ಜರ್ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಬರೀ 45 ವ್ಯಾಟ್ ಅಂತ ಅಚ್ಚಾಗಿದ್ದರೆ, ಸ್ಕ್ರೀನು ಫ್ಯಾನು ಎಲ್ಲ ಅದರಲ್ಲೇ ನಡೆಯಬೇಕು, ಪ್ರೊಸೆಸರ್‌ಗೆ ಉಳಿಯುವುದು ಎಷ್ಟು ಅಂತ ನೀವೇ ಊಹಿಸಿ.

ಡೆಸ್ಕ್‌ಟಾಪ್ ಅಂತ ಮಾರುವುದೆಲ್ಲ ಡೆಸ್ಕ್‌ಟಾಪ್ ಚಿಪ್ ಅಲ್ಲ ಅನ್ನುವುದೂ ನೆನಪಿರಲಿ. ಅಂಗೈಯಗಲದ ಮಿನಿ ಪಿಸಿ ಮತ್ತು ಆಲ್-ಇನ್-ಒನ್‌ಗಳಲ್ಲಿ ಎಷ್ಟೋ ಸಲ ಲ್ಯಾಪ್‌ಟಾಪ್‌ನ ಯು, ಎಚ್ ಚಿಪ್‌ಗಳೇ ಇರುತ್ತವೆ.

ನನ್ನ ಐ7 ಕೆಟ್ಟ ಚಿಪ್ ಅಂತ ನಾನು ಹೇಳುತ್ತಿಲ್ಲ. ಫೈಲ್ ತೆರೆಯುವುದು, ಮಾಡೆಲ್ ತಿರುಗಿಸಿ ನೋಡುವುದು ಇದರಲ್ಲಿ ಚಕಚಕನೆ ಆಗುತ್ತದೆ, ಬ್ಯಾಟರಿ ಚೆನ್ನಾಗಿ ಬರುತ್ತದೆ. ಇದನ್ನು ರೆಂಡರ್ ಮಾಡುವವರ ಮುಂದಿಟ್ಟು "ಡೆಸ್ಕ್‌ಟಾಪ್ ಮಟ್ಟ" ಅಂದದ್ದಕ್ಕೆ ನನ್ನ ತಕರಾರು.

ವಾಪಸ್ ಕೊಡಲು ಹೋದಾಗ ಆದದ್ದನ್ನೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ನಿಧಾನ ಅಂತ ದೂರು ಬರೆದೆ. ಅವರು ಮಷಿನ್ ಒಳಗೇ ಇರುವ ಒಂದು ಪರೀಕ್ಷೆ ಓಡಿಸಿ, ಎಲ್ಲ ಪಾಸ್, ದೋಷ ಏನೂ ಇಲ್ಲ ಅಂತ ದೂರು ಮುಚ್ಚಿದರು. 15 ವ್ಯಾಟ್ ಬಗ್ಗೆ ಕೇಳಿದ್ದಕ್ಕೆ "ಅದು ನಾರ್ಮಲ್ ಸರ್, ಡಿಸೈನೇ ಹಾಗೆ" ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ, ಏನೂ ಕೆಟ್ಟಿಲ್ಲವಲ್ಲ. ಅದಕ್ಕೇ ಯಾರಾದರೂ ಇದೇ ಬಲೆಗೆ ಬಿದ್ದಿದ್ದರೆ "ನಿಧಾನ" ಅಂತ ಬರೆಯಬೇಡಿ, "ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲ" ಅಂತ ಬರೆಯಿರಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಕೊಳ್ಳುವ ಮೊದಲೇ ತೆಗೆದಿಟ್ಟುಕೊಳ್ಳಿ. ನಾನು ದೂರು ಕೊಟ್ಟ ಮೇಲೆ ಹೋಗಿ ನೋಡಿದರೆ "ಡೆಸ್ಕ್‌ಟಾಪ್ ಮಟ್ಟದ ಶಕ್ತಿ" ಅನ್ನುವ ಸಾಲು ಆ ಪುಟದಲ್ಲಿ ಇರಲಿಲ್ಲ.