ಟ್ರಾಸ್ಟುಜುಮ್ಯಾಬ್ 440 ಮಿ.ಗ್ರಾಂ ವಯಲ್: ಕರಾವಳಿಯಲ್ಲಿ ಕೊಳ್ಳುವವರಿಗೆ, ಕೊಡುವವರಿಗೆ

ಮಂಗಳೂರು, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳಲ್ಲಿ ಹರ್-2 ಪಾಸಿಟಿವ್ (ಜೀವಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನು ಅತಿಯಾಗಿರುವ) ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎರಡು ಅಳತೆಯಲ್ಲಿ ಸಿಗುತ್ತದೆ: 440 ಮಿ.ಗ್ರಾಂನ ದೊಡ್ಡ ವಯಲ್ (ಔಷಧದ ಸೀಸೆ), 150 ಮಿ.ಗ್ರಾಂನ ಚಿಕ್ಕದು. ಈ ಬರಹ ದೊಡ್ಡದರ ಬಗ್ಗೆ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಔಷಧದ ಗುಣದಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಯ ಫ್ರಿಜ್ಜಿನಿಂದ ಡ್ರಿಪ್ ಸ್ಟ್ಯಾಂಡಿನವರೆಗಿನ ದಾರಿಯಲ್ಲಿ ಅದನ್ನು ಕೆಡಿಸುವುದು ಸುಲಭ, ಹಣ ಪೋಲು ಮಾಡುವುದು ಇನ್ನೂ ಸುಲಭ.

ಈ ಔಷಧದ ಹಿಂದೆ ಲಾಸ್ ಏಂಜಲಿಸ್‌ನ ಕ್ಯಾನ್ಸರ್ ತಜ್ಞ ಡೆನ್ನಿಸ್ ಸ್ಲಾಮನ್ ಅವರ ಬಹುಕಾಲದ ಕೆಲಸವಿದೆ. 1987ರಲ್ಲಿ ಅವರ ತಂಡ 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ, ಹರ್-2 ಜೀನಿನ ಪ್ರತಿಗಳು ಹೆಚ್ಚಿದ್ದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ತೋರಿಸಿತು. ಆ ಜೀನು ತಯಾರಿಸುವ ಪ್ರೋಟೀನಿಗೆ ಅಂಟುವ ಇಲಿಯ ಪ್ರತಿಕಾಯವನ್ನು ಮನುಷ್ಯರ ದೇಹಕ್ಕೆ ಒಗ್ಗುವಂತೆ ಬದಲಿಸಿದ್ದು ಜೆನೆನ್‌ಟೆಕ್ ಕಂಪನಿ. ಅಮೆರಿಕದ ಅನುಮತಿ ಸಿಕ್ಕಿದ್ದು 1998ರ ಸೆಪ್ಟೆಂಬರಿನಲ್ಲಿ. ಸ್ಲಾಮನ್, ಜೆನೆನ್‌ಟೆಕ್‌ನಲ್ಲಿ ಇದರ ಮೇಲೆ ಕೆಲಸ ಮಾಡಿದ ಆಕ್ಸೆಲ್ ಉಲ್‌ರಿಚ್, ಮೈಕೆಲ್ ಶೆಪರ್ಡ್ ಮೂವರಿಗೂ 2019ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ನಮ್ಮಲ್ಲಿ ಇದು ಹೆಚ್ಚು ಜನರ ಕೈಗೆಟುಕತೊಡಗಿದ್ದು ಬಯೋಸಿಮಿಲರ್ (ಮೂಲ ಔಷಧವನ್ನು ಹೋಲುವಂತೆ ಬೇರೆ ಕಂಪನಿ ಮಾಡುವ ಔಷಧ) ಬಂದ ಮೇಲೆ. ಬೆಂಗಳೂರಿನ ಬಯೋಕಾನ್ 2014ರ ಆರಂಭದಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ 440 ಮಿ.ಗ್ರಾಂ ವಯಲನ್ನು 57,500 ರೂಪಾಯಿಗೆ ಬಿಟ್ಟಿತು. ‘ಅಗ್ಗದ್ದು, ಕೆಲಸ ಮಾಡುತ್ತದೋ ಇಲ್ಲವೋ’ ಎಂಬ ಅನುಮಾನ ಇಂದಿಗೂ ಕೌಂಟರಿನ ಮುಂದೆ ಕೇಳಿಬರುತ್ತದೆ. ಎರಡನ್ನೂ ಹೋಲಿಸಿದ ಹೆರಿಟೇಜ್ ಅಧ್ಯಯನದಲ್ಲಿ 24 ವಾರಕ್ಕೆ ಗಡ್ಡೆ ಕುಗ್ಗಿದವರ ಪ್ರಮಾಣ ಬಯೋಸಿಮಿಲರ್‌ನಲ್ಲಿ ಶೇ. 69.6, ಮೂಲ ಔಷಧದಲ್ಲಿ ಶೇ. 64. ಸಮಾನವೆಂದು ಒಪ್ಪಲು ಮೊದಲೇ ಹಾಕಿಕೊಂಡ ಮಿತಿಯೊಳಗೇ ಈ ವ್ಯತ್ಯಾಸವಿತ್ತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಅದೇ ಔಷಧಕ್ಕೆ ಅನುಮತಿ ಕೊಟ್ಟಿತು. ಆ ಅನುಮಾನವನ್ನು ಬಿಡಬಹುದು.

ಬಿಡಬಾರದ ಅನುಮಾನ ಪರೀಕ್ಷೆಯದು. ಸ್ತನ ಕ್ಯಾನ್ಸರುಗಳಲ್ಲಿ ಹರ್-2 ಪಾಸಿಟಿವ್ ಇರುವುದು ಶೇ. 15ರಿಂದ 20 ಮಾತ್ರ. ಉಳಿದವರಿಗೆ ಈ ವಯಲ್ ಕೊಂಡು ಫಲವಿಲ್ಲ. ಗಡ್ಡೆಯ ತುಂಡಿಗೆ ಬಣ್ಣ ಹಾಕಿ ಹರ್-2 ಪ್ರೋಟೀನು ನೋಡುವ ಐಎಚ್‌ಸಿ ಪರೀಕ್ಷೆಯ ರಿಪೋರ್ಟಿನಲ್ಲಿ 3+ ಇದ್ದರೆ ಪಾಸಿಟಿವ್. 2+ ಇದ್ದರೆ ಹರ್-2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಆಗಲೇಬೇಕು, ಅದಿಲ್ಲದೆ ಔಷಧ ಶುರು ಮಾಡುವುದೂ ತಪ್ಪು, ಬೇಡವೆನ್ನುವುದೂ ತಪ್ಪು. ಬಯಾಪ್ಸಿ ತುಂಡು ತೆಗೆದ ಒಂದು ಗಂಟೆಯೊಳಗೆ ಶೇ. 10ರ ಬಫರ್ಡ್ ಫಾರ್ಮಲಿನ್‌ಗೆ (ತುಂಡು ಕೆಡದಂತೆ ಕಾಯುವ ದ್ರಾವಣ) ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಸುಳ್ಯದಲ್ಲೋ ಬೈಂದೂರಿನಲ್ಲೋ ಶನಿವಾರ ತೆಗೆದ ತುಂಡು ಸಲೈನಿನಲ್ಲಿ ಕೂತು ಸೋಮವಾರದ ಬಸ್ಸಿಗೆ ಮಂಗಳೂರಿಗೆ ಬಂದರೆ ಪ್ರೋಟೀನು ಹಾಳಾಗಿ ರಿಪೋರ್ಟ್ ಸುಳ್ಳು ಹೇಳಬಹುದು. ತುಂಡನ್ನು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕನ್ನು ಕೇಳಿ ಪಡೆದು ಇಟ್ಟುಕೊಳ್ಳಿ. ಮರುಪರೀಕ್ಷೆಗೆ ಬೇಕಾಗುವುದು ಅದೇ.

ವಯಲ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಹೊರಗಿನ ಅಂಗಡಿಯಿಂದ ತರುವುದಾದರೆ ಥರ್ಮಾಕೋಲ್ ಪೆಟ್ಟಿಗೆ, ಜೆಲ್ ಪ್ಯಾಕ್ ಬೇಕು. ಇಲ್ಲಿಯ ಏಪ್ರಿಲ್-ಮೇ ಸೆಕೆಗೆ ಹೆದರಿ ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕನ್ನು ವಯಲಿಗೆ ನೇರ ತಾಗಿಸಿ ಇಡುವವರಿದ್ದಾರೆ. ಹೆಪ್ಪುಗಟ್ಟಿಸುವಂತಿಲ್ಲ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ, ನಡುವೆ ದಪ್ಪ ಪೇಪರ್ ಸುತ್ತಿ. ಮನೆಯ ಫ್ರಿಜ್ಜಿನಲ್ಲಿ ಇಡದಿದ್ದರೇ ಒಳ್ಳೆಯದು, ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಯಿತು, ಎಷ್ಟು ಹೊತ್ತು ಹೋಯಿತು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಇನ್‌ಫ್ಯೂಷನ್ (ಡ್ರಿಪ್ ಹಾಕುವ) ದಿನವೇ ಕೊಂಡು, ಬ್ಯಾಚ್ ನಂಬರ್ ಇರುವ ಬಿಲ್ಲು ಪಡೆಯಿರಿ. ಎಂಆರ್‌ಪಿಗೂ ಮಾರುವ ಬೆಲೆಗೂ ಅಂತರ ದೊಡ್ಡದಿರಬಹುದು, ಎರಡು-ಮೂರು ಕಡೆ ವಿಚಾರಿಸಿ.

ಕರಗಿಸುವ ಕೆಲಸಕ್ಕೆ ತಾಳ್ಮೆ ಬೇಕು. ಜೊತೆಗೆ ಬರುವ 20 ಮಿ.ಲೀ ಬ್ಯಾಕ್ಟೀರಿಯೋಸ್ಟಾಟಿಕ್ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ) ನೀರನ್ನು ಪುಡಿಯ ಮೇಲೆ ನಿಧಾನ ಬಿಟ್ಟು, ವಯಲನ್ನು ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಎದ್ದು, ಪೂರ್ತಿ ಪ್ರಮಾಣ ಸಿರಿಂಜಿಗೆ ಬರುವುದಿಲ್ಲ. ಐದು ನಿಮಿಷ ಬಿಟ್ಟರೆ ಬಣ್ಣವಿಲ್ಲದ ಅಥವಾ ತಿಳಿಹಳದಿ ದ್ರಾವಣ, ಪ್ರತಿ ಮಿ.ಲೀ.ಗೆ 21 ಮಿ.ಗ್ರಾಂ. ಬೇಕಾದಷ್ಟು ಎಳೆದು 250 ಮಿ.ಲೀ ನಾರ್ಮಲ್ ಸಲೈನಿಗೆ ಹಾಕಬೇಕು. ಡೆಕ್ಸ್‌ಟ್ರೋಸ್ ಬಾಟ್ಲಿಗೆ ಹಾಕಿದರೆ ಪ್ರೋಟೀನು ಗಂಟುಗಟ್ಟುತ್ತದೆ. ಮೊದಲ ಡೋಸ್ 90 ನಿಮಿಷ; ಸುಮಾರು ಶೇ. 40 ಮಂದಿಗೆ ಅಂದು ಚಳಿ-ಜ್ವರ ಬರುತ್ತದೆ. ಹೆದರಬೇಕಿಲ್ಲ. ವೇಗ ಇಳಿಸಿ ಪ್ಯಾರಸಿಟಮಾಲ್ ಕೊಟ್ಟರೆ ಹೆಚ್ಚಿನವರಲ್ಲಿ ತಗ್ಗುತ್ತದೆ. ಆದರೆ ಉಸಿರು ಕಟ್ಟಿದರೆ, ಬಿಪಿ ಬಿದ್ದರೆ ಡ್ರಿಪ್ ಕೂಡಲೇ ನಿಲ್ಲಿಸಬೇಕು.

ಇನ್ನು ದೊಡ್ಡ ವಯಲಿನ ಮುಖ್ಯ ಗುಣಕ್ಕೆ ಬರೋಣ. ಪೆಟ್ಟಿಗೆಯ ಜೊತೆ ಬರುವ ಆ ನೀರಿನಲ್ಲಿರುವ ಬೆಂಜೈಲ್ ಆಲ್ಕೋಹಾಲ್ ಎಂಬ ಸಂರಕ್ಷಕದಿಂದಾಗಿ ಕರಗಿಸಿದ ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು. ಮೂರು ವಾರಕ್ಕೊಮ್ಮೆಯ ಕ್ರಮದಲ್ಲಿ ಮೊದಲು ಕೆ.ಜಿ.ಗೆ 8 ಮಿ.ಗ್ರಾಂ (ಲೋಡಿಂಗ್ ಡೋಸ್), ಆಮೇಲೆ 6 ಮಿ.ಗ್ರಾಂ. 55 ಕೆ.ಜಿ. ತೂಕದವರ ಲೆಕ್ಕ ನೋಡಿ: ಮೊದಲ ಡೋಸ್ ಸರಿಯಾಗಿ 440, ಮುಂದಿನವು ತಲಾ 330. ಪ್ರತಿ ಸಲ 110 ಮಿ.ಗ್ರಾಂ ಚೆಲ್ಲಿದರೆ ವರ್ಷದ 18 ಡೋಸಿಗೆ 18 ವಯಲ್. ಉಳಿದದ್ದನ್ನು ಮುಂದಿನ ಸಲಕ್ಕೆ ಸೇರಿಸಿಕೊಂಡರೆ ನಾಲ್ಕು ಡೋಸಿಗೆ ಮೂರೇ ವಯಲ್, ಒಟ್ಟು 14 ಸಾಕು. ನಾಲ್ಕು ವಯಲಿನ ಹಣ ಒಂದು ಮನೆಗೆ ಸಣ್ಣದಲ್ಲ! ಆದರೆ ಇದಕ್ಕೆ ಲ್ಯಾಮಿನಾರ್ ಹುಡ್‌ನಲ್ಲಿ (ಶುದ್ಧ ಗಾಳಿ ಹಾಯಿಸುವ ಕಟ್ಟೆ) ಎಳೆಯುವ ಶಿಸ್ತು, ಆಸ್ಪತ್ರೆಯ ಔಷಧಾಲಯದ ಫ್ರಿಜ್ಜು, ಹೆಸರು-ದಿನಾಂಕದ ಚೀಟಿ, ಮೂರೂ ಬೇಕು. ಪೆಟ್ಟಿಗೆಯ ನೀರು ಕಳೆದುಹೋಗಿ ವಾರ್ಡಿನ ಸಾದಾ ಸ್ಟೆರೈಲ್ ವಾಟರ್ ಹಾಕಿದರೆ 28 ದಿನದ ಮಾತೇ ಇಲ್ಲ, ಉಳಿದದ್ದು ಎಸೆಯಬೇಕು. ಬೆಂಜೈಲ್ ಆಲ್ಕೋಹಾಲ್ ಅಲರ್ಜಿ ಇದ್ದವರಿಗೂ ಅದೇ ಗತಿ. ಉಳಿಕೆ ಇಟ್ಟುಕೊಳ್ಳಲು ಆಸ್ಪತ್ರೆ ಒಪ್ಪದಿದ್ದರೆ, 50 ಕೆ.ಜಿ.ಯವರ 6 ಮಿ.ಗ್ರಾಂ ಡೋಸಿಗೆ 150ರ ಎರಡು ವಯಲ್ ಕರಾರುವಾಕ್ಕಾಗಿ ಹೊಂದುತ್ತದೆ. ಹಾಗಾಗಿ ಬಿಲ್ಲು ಮಾಡಿಸುವ ಮೊದಲು ತೂಕ ನೋಡಿ ಗುಣಾಕಾರ ಮಾಡಿ.

ಡೋಸ್ ತಪ್ಪಿದರೂ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಒಂದು ವಾರದೊಳಗಿನ ತಡಕ್ಕೆ ಮಾಮೂಲಿ 6 ಮಿ.ಗ್ರಾಂ ಸಾಕು, ಅದು ಮೀರಿದರೆ ಮತ್ತೆ 8ರ ಲೋಡಿಂಗ್. ಇಟ್ಟ ಉಳಿಕೆಯ 28 ದಿನವೂ ಅಷ್ಟರಲ್ಲಿ ಮುಗಿದಿರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವವರು ಜೂನ್‌ನಿಂದ ಆಗಸ್ಟ್‌ವರೆಗೆ ಶಿರಾಡಿ, ಚಾರ್ಮಾಡಿಯ ಗುಡ್ಡಕುಸಿತದ ಸುದ್ದಿ ನೋಡಿಕೊಂಡೇ ತಾರೀಖು ಗೊತ್ತುಮಾಡಿಕೊಳ್ಳಲಿ. ಇನ್ನು ‘ಎರಡು ವರ್ಷ ಕೊಟ್ಟರೆ ಹೆಚ್ಚು ಒಳ್ಳೆಯದಲ್ಲವೇ’ ಎಂಬ ಪ್ರಶ್ನೆಗೆ ಹೆರಾ ಅಧ್ಯಯನ ಉತ್ತರ ಕೊಟ್ಟಿದೆ. ಆರಂಭಿಕ ಹಂತದವರಿಗೆ ಒಂದು ವರ್ಷಕ್ಕಿಂತ ಎರಡು ವರ್ಷ ಮೇಲಲ್ಲ.

ಕೂದಲು ಉದುರುವುದಕ್ಕಿಂತ ಹೃದಯದ ಕಡೆ ನಿಗಾ ಇಡಬೇಕು. ಶುರುವಿಗೆ ಮುನ್ನ ಒಂದು ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಮೂರು ತಿಂಗಳಿಗೊಂದು. ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) ಮೊದಲಿಗಿಂತ 16 ಅಂಕ ಇಳಿದರೆ, ಅಥವಾ ಸಹಜ ಮಟ್ಟದ ಕೆಳಗೆ ಹೋಗಿ 10 ಅಂಕ ಇಳಿದರೆ, ಕನಿಷ್ಠ ನಾಲ್ಕು ವಾರ ನಿಲ್ಲಿಸಿ ಮತ್ತೆ ಎಕೋ. ಅನೇಕರಲ್ಲಿ ಇದು ಚೇತರಿಸುತ್ತದೆ. ಎಕೋಗಳನ್ನು ಒಂದೇ ಕಡೆ ಮಾಡಿಸಿದರೆ ಹೋಲಿಕೆ ನಂಬಲರ್ಹ. ಗರ್ಭಿಣಿಯರಿಗೆ ಇದು ಸಲ್ಲದು. ಕೊನೆಯ ಡೋಸಿನ ಬಳಿಕವೂ ಏಳು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಕೊನೆಗೊಂದು ಅಪಾಯ, ಹೆಸರಿನದು. ಟ್ರಾಸ್ಟುಜುಮ್ಯಾಬ್ ಎಮ್‌ಟಾನ್ಸಿನ್, ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಎಂಬ ಇನ್ನೆರಡು ಔಷಧಗಳಿವೆ. ಪ್ರತಿಕಾಯಕ್ಕೆ ಕೀಮೋ ಕಟ್ಟಿರುವಂಥವು. ಸ್ತನ ಕ್ಯಾನ್ಸರಿನಲ್ಲಿ ಡೋಸ್ ಕ್ರಮವಾಗಿ ಕೆ.ಜಿ.ಗೆ 3.6 ಮತ್ತು 5.4 ಮಿ.ಗ್ರಾಂ. ಡೆರಕ್ಸ್‌ಟೆಕಾನ್ ಬೆರೆಸಬೇಕಾದ್ದು ಶೇ. 5ರ ಡೆಕ್ಸ್‌ಟ್ರೋಸಿನಲ್ಲಿ ಮಾತ್ರ, ಸಲೈನ್ ಕೂಡದು. ಅಂದರೆ ನಮ್ಮ 440ರ ವಯಲಿಗೆ ತದ್ವಿರುದ್ಧ. ಚೀಟಿಯಲ್ಲಿ ಬರೀ ‘ಟ್ರಾಸ್ಟು’ ಎಂದಿದ್ದರೆ ಒಪ್ಪಬೇಡಿ. ಪೂರ್ತಿ ಹೆಸರು, ಒಟ್ಟು ಮಿ.ಗ್ರಾಂ, ಬೆರೆಸುವ ದ್ರಾವಣ ಮೂರನ್ನೂ ಬರೆಸಿಕೊಂಡು, ಡ್ರಿಪ್ ಏರಿಸುವ ಮೊದಲು ಪೆಟ್ಟಿಗೆಯ ಜೊತೆ ತಾಳೆ ನೋಡಿ.