ಅನಾನಸ್ ನಾರಿನ ಅಂಗಿ: ಮನಿಲಾದಲ್ಲಿ ಆರು ವರ್ಷ ಬಾರೊಂಗ್ ತೊಟ್ಟವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಬಟ್ಟೆ ಬಗ್ಗೆ ತಲೆ ಕೆಡಿಸಿಕೊಳ್ಳುವ ಮನುಷ್ಯ ಅಲ್ಲ. ಧಾರವಾಡದವನು, 2018ರಿಂದ ಫಿಲಿಪ್ಪೀನ್ಸಿನ ಮನಿಲಾದ ಮಕಾತಿಯಲ್ಲಿ ಕೆಲಸ. ಬಂದು ವರ್ಷ ತುಂಬುವ ಮೊದಲೇ ಆಫೀಸಿನ ಗೆಳೆಯನೊಬ್ಬ ಮದುವೆಗೆ ಕರೆದ. ಗಂಡಸರೆಲ್ಲ ಬಾರೊಂಗ್ ಹಾಕಿಕೊಂಡು ಬರಬೇಕು ಅಂತ ಕಾರ್ಡಿನಲ್ಲೇ ಬರೆದಿತ್ತು. ಒಂದು ದಿನಕ್ಕೆ ಬೇಕಲ್ಲ ಅಂತ ಕೊಂಡ ಅಂಗಿಯಿಂದ ಶುರುವಾಗಿ, ಈವರೆಗೆ ನಮ್ಮ ಮನೆಗೆ ಎರಡು ಬಾರೊಂಗ್, ಹೆಂಡತಿಯ ಒಂದು ಚಿಟ್ಟೆ ತೋಳಿನ ಜಾಕೆಟ್ ಬಂದಿವೆ. ಮೂರನ್ನೂ ವರ್ಷಗಟ್ಟಲೆ ಬಳಸಿದ್ದೇವೆ, ಹಾಳು ಮಾಡಿದ್ದೇವೆ, ಎರಡನ್ನು ರಿಪೇರಿ ಮಾಡಿಸಿದ್ದೇವೆ. ಇಲ್ಲಿಗೆ ಬಂದಿರುವ, ಬರಲಿರುವ ಕನ್ನಡದವರು ಆಗಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೋಡದವರಿಗೆ: ಬಾರೊಂಗ್ ಅಂದರೆ ಒಳಗಿನದು ಕಾಣುವಷ್ಟು ತೆಳುವಾದ ಉದ್ದ ತೋಳಿನ ಅಂಗಿ. ಪ್ಯಾಂಟಿನೊಳಗೆ ಸಿಕ್ಕಿಸುವ ಹಾಗಿಲ್ಲ, ಹೊರಗೇ ಬಿಡಬೇಕು. ಎದೆಯ ಮೇಲೆ ಕಸೂತಿ, ಎರಡೂ ಬದಿ ಸೀಳು. ಒಳಗೆ ಕಾಲರ್ ಇಲ್ಲದ ಬಿಳಿ ಅಂಗಿ, ಅದಕ್ಕೆ ಕಮೀಸಾ ದೆ ಚಿನೊ ಅನ್ನುತ್ತಾರೆ. ನಮ್ಮಜ್ಜ ಹೇಳುತ್ತಿದ್ದ ‘ಕಮೀಸು’ ಇಲ್ಲೂ ಇದೆ ನೋಡಿ.

ಸ್ಪೇನಿನವರು ಇಲ್ಲಿನ ಜನ ಒಳಗೆ ಚಾಕು ಬಚ್ಚಿಡದಿರಲಿ ಅಂತ ಪಾರದರ್ಶಕ ಅಂಗಿ ಹಾಕಿಸಿದರು ಅನ್ನೋ ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ಯಾಕ್ಸಿಯವನೂ ಹೇಳುತ್ತಾನೆ. ಅದಕ್ಕೆ ಆಧಾರ ಇಲ್ಲ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಮೇ ತಿಂಗಳ ಮನಿಲಾದಲ್ಲಿ ಒಂದು ಮಧ್ಯಾಹ್ನ ಕೋಟು ಹಾಕಿಕೊಂಡು ನಿಂತರೆ ಸಾಕು, ತೆಳು ಅಂಗಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ದೊಡ್ಡ ಸಮಾರಂಭಗಳಲ್ಲಿ ಕೋಟು-ಟೈ ನಡೆಯುತ್ತಿದ್ದ ಕಾಲದಲ್ಲಿ ರಾಮೋನ್ ಮಗ್ಸಾಯ್ಸಾಯ್ 1953ರಲ್ಲಿ ಬಾರೊಂಗ್ ತೊಟ್ಟೇ ಅಧ್ಯಕ್ಷರಾಗಿ ಪ್ರಮಾಣ ವಚನ ತೆಗೆದುಕೊಂಡರು. ನಮ್ಮವರಿಗೂ ಆಗಾಗ ಸಿಗುವ ಮ್ಯಾಗ್ಸೆಸೆ ಪ್ರಶಸ್ತಿ ಇದೆಯಲ್ಲ, ಅದು ಇವರ ಹೆಸರಿನದೇ.

ಈಗ ನನ್ನ ಮೊದಲ ಬಾರೊಂಗ್, ಅಂದರೆ ಮೊದಲ ಪೆಟ್ಟು. ಮದುವೆಗೆ ನಾಲ್ಕು ದಿನ ಇತ್ತು. ಒಂದು ಅಂಗಡಿಗೆ ಹೋದೆ. “ಇದು ಪಿನ್ಯಾ ಸರ್, ಅನಾನಸ್ ಎಲೆಯದು” ಅಂದರು. 3,500 ಪೆಸೊ ಕೊಟ್ಟೆ. ಮದುವೆ ಮನೆಯಲ್ಲಿ ಗೆಳೆಯನ ಚಿಕ್ಕಮ್ಮ ತೋಳು ಮುಟ್ಟಿ ನೋಡಿ ನಕ್ಕು, “ಇದು ಹುಸಿ” ಅಂದರು. ನಾನು ಗಾಬರಿ. ಈಯಮ್ಮನಿಗೆ ಕನ್ನಡ ಹೇಗೆ ಬಂತು? ಆಮೇಲೆ ತಿಳಿಯಿತು, ಹುಸಿ ಅನ್ನುವುದು ಒಂದು ಬಟ್ಟೆಯ ಹೆಸರು. ಸ್ಪ್ಯಾನಿಷ್ ರೀತಿಯಲ್ಲಿ ಜೆ ಅಕ್ಷರ ಬರೆದು ‘ಹ’ ಅನ್ನುತ್ತಾರೆ. ಹಿಂದೆ ಅದೂ ಕೈಮಗ್ಗದ ಒಳ್ಳೆ ಬಟ್ಟೆಯೇ. ಈಗ ಅಂಗಡಿಗಳಲ್ಲಿ ಆ ಹೆಸರಲ್ಲಿ ಸಿಗುವುದು ಹೆಚ್ಚಿನದು ಯಂತ್ರದ್ದು, ಎಷ್ಟೋ ಸಲ ಪಾಲಿಯೆಸ್ಟರ್ ಬೆರೆತದ್ದು. ಮನೆಗೆ ಬಂದು ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ಕರಗಿ ಗಟ್ಟಿ ಮಣಿಯಾಯಿತು, ಪಾಲಿಯೆಸ್ಟರೇ. ಅಂದರೆ ನನ್ನದು ಹುಸಿಯಲ್ಲೂ ಹುಸಿ.

ಅದನ್ನು ಬೈಯುವುದಕ್ಕೆ ಮುಂಚೆ ಒಂದು ಮಾತು. ಆ ಅಂಗಿ ಮೂರು ವರ್ಷ ಬಂತು. ತೊಳೆಯೋದು ಸುಲಭ, ಇಸ್ತ್ರಿ ಬೇಗ ಆಗುತ್ತೆ. ಆದರೆ ಸೆಕೆ! ಪ್ಲಾಸ್ಟಿಕ್ ಚೀಲ ಹೊದ್ದುಕೊಂಡ ಹಾಗೆ. ಎದೆಯ ಮೇಲಿನ ಯಂತ್ರದ ಕಸೂತಿ ಚುಚ್ಚಿ ಚುಚ್ಚಿ ಮೈ ಕೆಂಪಾಗುತ್ತಿತ್ತು. ಒಂದು ಸಲ ಚೀಲದ ಜಿಪ್ಪಿಗೆ ಸಿಕ್ಕಿ ಅಂಗೈಯಗಲ ಹರಿಯಿತು. ರಿಪೇರಿ ಮಾಡುವವರು ಯಾರೂ ಇಲ್ಲ. “ಹೊಸದು ತಗೊಳ್ಳಿ ಸರ್” ಅನ್ನುವ ಉತ್ತರ. ಅಲ್ಲಿಗೆ ಅದರ ಕಥೆ ಮುಗಿಯಿತು.

ಎರಡನೆಯದು ನಿಜವಾದ ವಿಷಯ. 2019ರಲ್ಲಿ ಅದೇ ಗೆಳೆಯ ನನ್ನನ್ನು ಲುಂಬಾನ್‌ಗೆ ಕರೆದುಕೊಂಡು ಹೋದ. ಲಗುನಾ ಪ್ರಾಂತ್ಯದ ಸಣ್ಣ ಊರು. ಅಲ್ಲಿ ಮನೆ ಮನೆಯಲ್ಲೂ ಕಸೂತಿ ಚೌಕಟ್ಟು. ಬಟ್ಟೆ ಮಾತ್ರ ಅಲ್ಲಿನದಲ್ಲ, ಪನಾಯ್ ದ್ವೀಪದ ಅಕ್ಲಾನ್ ಪ್ರಾಂತ್ಯದಿಂದ, ಕಾಲಿಬೊ ಸುತ್ತಮುತ್ತಲಿಂದ ಬರುತ್ತೆ. ನಾವು ತಿನ್ನುವ ಅನಾನಸ್ಸಿನ ಎಲೆಯಿಂದಲ್ಲ, ಉದ್ದ ಎಲೆಯ ಕೆಂಪು ಸ್ಪ್ಯಾನಿಷ್ ತಳಿಯಿಂದ ಈ ನಾರು ತೆಗೆಯುತ್ತಾರೆ. ಎಲೆಯನ್ನು ಹಲಗೆ ಮೇಲಿಟ್ಟು ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆಯುತ್ತಾರೆ. ಮೊದಲು ಒರಟು ನಾರು. ಆಮೇಲೆ ತೆಂಗಿನ ಚಿಪ್ಪಿನಿಂದ ಮೆಲ್ಲಗೆ ಕೆರೆದರೆ ಕೂದಲಿನಂಥ ನುಣುಪು ನಾರು. ಅದಕ್ಕೆ ಲಿನಿವಾನ್ ಅಂತ ಹೆಸರು. ತೊಳೆದು ಒಣಗಿಸಿ, ಒಂದೊಂದು ಎಳೆಯ ತುದಿಗೆ ಇನ್ನೊಂದನ್ನು ಕೈಯಲ್ಲೇ ಗಂಟು ಹಾಕುತ್ತಾ ಹೋಗಬೇಕು. ಎಲೆ ಎಷ್ಟುದ್ದವೋ ಎಳೆ ಅಷ್ಟೇ ಉದ್ದ, ಹಾಗಾಗಿ ಗಂಟು ಲೆಕ್ಕವಿಲ್ಲದಷ್ಟು. ಆಮೇಲೆ ಮಗ್ಗ. 2023ರಲ್ಲಿ ಯುನೆಸ್ಕೊ ಅಕ್ಲಾನಿನ ಈ ನೇಯ್ಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸುದ್ದಿ ಬಂದ ದಿನ ನಾನು ಆಫೀಸಿಗೆ ಅದೇ ಅಂಗಿ ಹಾಕಿಕೊಂಡು ಹೋಗಿದ್ದೆ, ನಾನೇ ನೇಯ್ದವನ ಹಾಗೆ.

ಪೂರ್ತಿ ಪಿನ್ಯಾ ನನ್ನ ಜೇಬಿಗೆ ಆಗಲಿಲ್ಲ. ಪಿನ್ಯಾ-ಸೆದಾ ತೊಗೊಂಡೆ, ಅಂದರೆ ಹಾಸು ರೇಷ್ಮೆ, ಹೊಕ್ಕು ಅನಾನಸ್ ನಾರು. ಕೈ ಕಸೂತಿ, ಎದೆಗೆ ಕಲಾಡೊ ಕೆಲಸ. ಕಲಾಡೊ ಅಂದರೆ ಬಟ್ಟೆಯಿಂದ ಕೆಲವು ಎಳೆಗಳನ್ನು ಎಳೆದು ತೆಗೆದು, ಉಳಿದವನ್ನು ದಾರದಿಂದ ಬಿಗಿದು ಬಲೆಯ ಹಾಗೆ ಮಾಡುವುದು. ದರ 12,000 ಪೆಸೊ, ಆಗಿನ ಲೆಕ್ಕದಲ್ಲಿ ಸುಮಾರು 16,000 ರೂಪಾಯಿ. ಕೈಗೆ ಬರಲು ಎರಡೂವರೆ ತಿಂಗಳು ಹಿಡಿಯಿತು. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಮೊದಲ ವರ್ಷ ಮುಟ್ಟುವುದಕ್ಕೂ ಭಯ. ಎರಡು ಮದುವೆಗೆ ಹಾಕಿ ಎತ್ತಿಟ್ಟೆ. ಆಮೇಲೆ ಕೊರೊನಾ ಬಂತು. ಅಂಗಿ ಪ್ಲಾಸ್ಟಿಕ್ ಕವರಿನಲ್ಲಿ, ಹ್ಯಾಂಗರಿನಲ್ಲಿ ಎರಡು ವರ್ಷ ತೂಗಿತು. 2022ರಲ್ಲಿ ತೆಗೆದು ನೋಡಿದರೆ ಕಾಲರಿನ ಸುತ್ತ ಹಳದಿ, ಹೆಗಲ ಹತ್ತಿರ ಬಟ್ಟೆ ಜೋತು ಬಿದ್ದಿತ್ತು. ಜೋಪಾನ ಮಾಡಿದ್ದೇ ತಪ್ಪಾಯಿತು! ಗಾಬರಿಯಲ್ಲಿ ಹತ್ತಿರದ ಲಾಂಡ್ರಿಗೆ ಕೊಟ್ಟೆ. ಕೈಯಲ್ಲೇ ತೊಳೀರಿ ಅಂತ ಮೂರು ಸಲ ಹೇಳಿದ್ದೆ. ಮೆಷೀನಿಗೆ ಹಾಕಿದರು. ಕಲಾಡೊ ಬಲೆಯಲ್ಲಿ ಎರಡು ಕಡೆ ಎಳೆ ಕಿತ್ತು ಬಂದಿತ್ತು.

ಲುಂಬಾನ್‌ಗೆ ಮತ್ತೆ ಹೋದೆ. ಕಸೂತಿ ಹಾಕಿಕೊಟ್ಟಿದ್ದ ಆತೆ (ಇಲ್ಲಿ ಅಕ್ಕನಿಗೆ ಆತೆ ಅನ್ನುತ್ತಾರೆ) ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. “ಹಾಕಿಕೊಳ್ಳೋದಿಲ್ವಾ ಸರ್?” ಅಂತ ಮಾತ್ರ ಕೇಳಿದರು. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿ ಬಲೆಯನ್ನು ಮತ್ತೆ ಕಟ್ಟಿದರು. 600 ಪೆಸೊ ತೆಗೆದುಕೊಂಡರು. ಎಲ್ಲಿ ಹರಿದಿತ್ತು ಅಂತ ಈಗ ನನಗೂ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಮರ್ಶೆ ಇಷ್ಟೇ: 3,500ರದ್ದು ಹರಿದ ದಿನ ಕಸವಾಯಿತು, 12,000ದ್ದು ಹರಿದ ಮೇಲೂ ಅಂಗಿಯಾಗಿಯೇ ಉಳಿಯಿತು. ಮಾಡಿದ ಕೈ ಇನ್ನೂ ಅಲ್ಲೇ ಇದೆ, ಅದಕ್ಕೆ.

ಅಂದಿನಿಂದ ತಿಂಗಳಿಗೆ ಎರಡು ಮೂರು ಸಲ ಹಾಕುತ್ತೇನೆ. ಕ್ಲೈಂಟ್ ಮೀಟಿಂಗಿಗೂ ಹಾಕುತ್ತೇನೆ. ಗಾಳಿ ಚೆನ್ನಾಗಿ ಆಡುತ್ತೆ. ನಾರು ಸ್ವಲ್ಪ ಗಡುಸು, ಮೈಗೆ ಅಂಟುವುದಿಲ್ಲ, ಹಾಗಾಗಿ ಬೆವರಿದರೂ ಹಿಂಸೆ ಇಲ್ಲ. ಮೊದಲ ದಿನ ಆಫೀಸಿನ ಹುಡುಗಿಯೊಬ್ಬಳು “ಬಾಗಾಯ್ ಸಾಯೊ!” ಅಂದಾಗ ಒಂದು ಕ್ಷಣ ಬೈದಳೇನೋ ಅನ್ನಿಸಿತು. ನಿನಗೆ ಒಪ್ಪುತ್ತೆ ಅಂತ ಅರ್ಥವಂತೆ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಐಡಿ ಕಾರ್ಡಿನ ಕ್ಲಿಪ್, ವಾಚಿನ ಪಟ್ಟಿ, ಲ್ಯಾಪ್‌ಟಾಪ್ ಚೀಲದ ಪಟ್ಟಿ ಎಲ್ಲವೂ ಇದರ ಶತ್ರು. ಕಾರಿನಲ್ಲಿ ಸೀಟ್ ಬೆಲ್ಟ್ ಕೆಳಗೆ ಕರವಸ್ತ್ರ ಇಟ್ಟುಕೊಳ್ಳುತ್ತೇನೆ. ಜೇಬಿಲ್ಲ. ಕೂತು ಎದ್ದರೆ ಬೆನ್ನಿನ ಕೆಳಗೆ ಸುಕ್ಕು. ಊಟಕ್ಕೆ ಕೂತಾಗ ಅಡೊಬೊ ಸಾರು ಬಿದ್ದರೆ ಮುಗೀತು. ತೊಳೆಯುವುದು ನಾನೇ: ತಣ್ಣೀರು, ಮೆದು ಸೋಪು, ಹಿಂಡುವಂತಿಲ್ಲ, ಬ್ಲೀಚ್ ಮಾತೇ ಇಲ್ಲ. ಟವೆಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಹರಡಬೇಕು. ಅರೆ ಒದ್ದೆ ಇರುವಾಗಲೇ ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ. ಆಮೇಲೆ ಹ್ಯಾಂಗರಿಗೆ ಹಾಕದೆ, ಹಳೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುರುಳಿ ಸುತ್ತಿಡಿ. ಪ್ಲಾಸ್ಟಿಕ್ ಬೇಡವೇ ಬೇಡ.

ಹೆಂಡತಿಯ ಜಾಕೆಟ್ ಬಗ್ಗೆ ಅವಳೇ ಬರೆದರೆ ಚೆನ್ನಾಗಿತ್ತು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಇಲ್ಲಿನ ಹೆಂಗಸರ ತೆರ್ನೊ ಉಡುಪಿಗೆ ಹೆಗಲ ಮೇಲೆ ಚಪ್ಪಟೆಯಾಗಿ ಎದ್ದು ನಿಲ್ಲುವ ತೋಳು, ಚಿಟ್ಟೆ ರೆಕ್ಕೆ ಹಾಗೆ. ಮೊದಲು ಇದು ರವಿಕೆ, ಲಂಗ, ಮೇಲುದಟ್ಟಿ, ಹೆಗಲವಸ್ತ್ರ ಅಂತ ಬಿಡಿಬಿಡಿಯಾಗಿತ್ತು. ರಾಮೋನ್ ವಲೇರಾ ಅನ್ನುವ ವಿನ್ಯಾಸಕಾರರು ಹೆಗಲವಸ್ತ್ರ ತೆಗೆದು ಒಂದೇ ಉಡುಪು ಮಾಡಿದರು. ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ, 2006ರಲ್ಲಿ, ರಾಷ್ಟ್ರೀಯ ಕಲಾವಿದ ಅಂತ ಗೌರವ ಸಿಕ್ಕಿತು. ಈಗಿನ ಹುಡುಗಿಯರು ಆ ತೋಳನ್ನು ಮಾತ್ರ ಉಳಿಸಿಕೊಂಡು ಗಿಡ್ಡ ಜಾಕೆಟ್ ಹೊಲಿಸಿ, ಜೀನ್ಸ್ ಮೇಲೆ ಹಾಕುತ್ತಾರೆ. ನನ್ನವಳು ಕುರ್ತಾ ಮೇಲೂ ಹಾಕುತ್ತಾಳೆ, ಒಪ್ಪುತ್ತೆ.

ಅವಳದು ಇಲೋಕೋಸ್ ಕಡೆಯ ಇನಾಬೆಲ್, ಕೈಮಗ್ಗದ ಗಟ್ಟಿ ಹತ್ತಿ ಬಟ್ಟೆ. ಬಿನಾಕೊಲ್ ಅನ್ನುವ ನಮೂನೆ, ನೋಡುತ್ತಿದ್ದರೆ ಸುಳಿ ಸುತ್ತಿದ ಹಾಗೆ ಕಣ್ಣು ಕಟ್ಟುತ್ತೆ. ಕೆಟ್ಟ ಶಕ್ತಿಗಳಿಗೆ ತಲೆ ತಿರುಗಲಿ ಅಂತ ಹಾಗೆ ನೇಯ್ದರಂತೆ. ದೃಷ್ಟಿಬೊಟ್ಟು ಅಂದುಕೊಳ್ಳಿ. ಬಟ್ಟೆಗೆ ನೂರಕ್ಕೆ ನೂರು. ನಾಲ್ಕು ವರ್ಷ ಆಯಿತು, ತೊಳೆದಷ್ಟೂ ಮೆತ್ತಗಾಗಿದೆ, ಬಣ್ಣ ಬಿಟ್ಟಿಲ್ಲ. ಆದರೆ ಹೊಲಿಗೆ? ಆನ್‌ಲೈನಿನಲ್ಲಿ ಕೊಂಡದ್ದು, ಒಂದು ಫ್ಯಾಷನ್ ಅಂಗಡಿಯದು. ತೋಳಿನೊಳಗೆ ಗಟ್ಟಿ ಬಲೆ ಬಟ್ಟೆ ಇಡಬೇಕಾದ ಕಡೆ ಅಂಟಿಸುವ ತೆಳು ಪಟ್ಟಿ ಹಾಕಿದ್ದರು. ಒಂದೇ ಒಗೆತಕ್ಕೆ ಚಿಟ್ಟೆ ಮಳೆಯಲ್ಲಿ ನೆಂದ ಹಾಗೆ ಬಿದ್ದುಹೋಯಿತು. ಕೇಳಿದರೆ ಡ್ರೈಕ್ಲೀನ್ ಮಾತ್ರ ಅಂದರು. ಚೀಟಿಯಲ್ಲಿ ಹಾಗೆ ಇರಲಿಲ್ಲ. ಕೊನೆಗೆ ನಮ್ಮ ಬೀದಿಯ ದರ್ಜಿ ಹೆಂಗಸು ತೋಳು ಬಿಚ್ಚಿ ಒಳಗೆ ಬೇರೆ ಬಟ್ಟೆ ಇಟ್ಟು ಕೊಟ್ಟರು, ಈಗ ಸರಿಯಾಗಿದೆ. ಟ್ರೈಸಿಕಲ್ (ಬೈಕಿಗೆ ಪಕ್ಕದಲ್ಲಿ ಗಾಡಿ ಜೋಡಿಸಿದ ಇಲ್ಲಿನ ಆಟೋ) ಹತ್ತುವಾಗ ಮಾತ್ರ ಪಕ್ಕಕ್ಕೆ ತಿರುಗಿ ನುಗ್ಗಬೇಕು.

ಇದು ನನ್ನ ದೊಡ್ಡ ದೂರು. ನೇಯುವವರು ತಿಂಗಳುಗಟ್ಟಲೆ ಕೂತು ನೇಯ್ದದ್ದನ್ನು ಫ್ಯಾಷನ್ ಹೆಸರಲ್ಲಿ ಒಂದು ವಾರದಲ್ಲಿ ಕತ್ತರಿಸಿ ಅಂಟಿಸುತ್ತಾರೆ. ಅದಕ್ಕಿಂತ ಕೆಟ್ಟದ್ದೂ ಇದೆ. ಬಿನಾಕೊಲ್ ನಮೂನೆಯನ್ನೇ ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಮಾಡಿ ‘ಸ್ಥಳೀಯ ನೇಯ್ಗೆ’ ಅಂತ ಮಾರುತ್ತಾರೆ. ಹಿಂಬದಿ ನೋಡಿ. ಹಿಂದೆ ಬಿಳಿಚಿಕೊಂಡಿದ್ದರೆ ಪ್ರಿಂಟ್.

ಹಿಂಬದಿ ಅಂದಾಗ ನೆನಪಾಯಿತು. ಕಳೆದ ವರ್ಷ ಧಾರವಾಡದಲ್ಲಿ ನಾದಿನಿ ಮದುವೆಗೆ ಬಾರೊಂಗ್ ಹಾಕಿಕೊಂಡು ಹೋದೆ. ಸೋದರಮಾವ ಬಾಗಿಲಲ್ಲೇ, “ಅಲ್ಲೋ ತಮ್ಮಾ, ಒಳಗಿನ ಬನಿಯನ್ ಕಾಣಸ್ತದಲ್ಲೋ!” ಅಂದರು. ನಾಲ್ಕು ಜನ ನಕ್ಕರು. ಅತ್ತೆ ನಗಲಿಲ್ಲ. ಅವರು ಕಸೂತಿ ಹಾಕಿ ಕಣ್ಣು ಸವೆಸಿದವರು, ಇಳಕಲ್ ಸೀರೆಗೆ ಗವಂತಿ, ಮುರಗಿ ಹೊಲಿಗೆ ಹಾಕುವ ಕೈ. ಸಂಜೆ ಅಂಗಿ ಬಿಚ್ಚಿಸಿ, ತಿರುವಿ, ಹಿಂಬದಿ ನೋಡಿದರು. ನಮ್ಮ ಕಸೂತಿಯಲ್ಲಿ ಗಂಟು ಇರುವಂತಿಲ್ಲ, ಗವಂತಿ ಎರಡೂ ಕಡೆ ಒಂದೇ ಥರ ಕಾಣಬೇಕು. ಕಲಾಡೊ ಬಲೆಯ ಮೇಲೆ ಬೆರಳಾಡಿಸಿ, “ಎಳಿ ತಗದು ಮತ್ತ ಕಟ್ಯಾರ. ಇದಕ್ಕ ಭಾಳ ತಾಳ್ಮಿ ಬೇಕು” ಅಂದರು. ಎಷ್ಟು ಕೊಟ್ಟಿ ಅಂತ ಕೇಳಿದರು. ಹೇಳಿದೆ. “ಅಗ್ಗ ಆತು” ಅಂದರು. ಹೆಂಡತಿ ಪಕ್ಕದಲ್ಲೇ ಇದ್ದಳು, ಈ ಮಾತನ್ನು ನಾನು ಆಗಾಗ ನೆನಪಿಸುತ್ತಿರುತ್ತೇನೆ.

ಹಾಗಾದರೆ ಕೊಳ್ಳಬೇಕಾ? ಒಂದು ಮದುವೆಗೆ ಮಾತ್ರ ಅಂದರೆ ಬೇಡ, ಬಾಡಿಗೆಗೆ ಸಿಗುತ್ತೆ. ದಿನಾ ಆಫೀಸಿಗೆ ಅಂದರೆ ಅರ್ಧ ತೋಳಿನ ಪೋಲೊ ಬಾರೊಂಗ್ ನೋಡಿ. ಸರ್ಕಾರಿ ನೌಕರರ ಸಮವಸ್ತ್ರಕ್ಕೆ ಇಲ್ಲಿನ ಅನಾನಸ್, ಬಾಳೆ, ಅಬಾಕಾ (ಬಾಳೆ ಜಾತಿಯದೇ ಒಂದು ಗಿಡ) ನಾರು ಸೇರಿದ ಬಟ್ಟೆಯನ್ನೇ ಬಳಸಬೇಕು ಅಂತ 2004ರಲ್ಲಿ ಕಾನೂನು ಬಂದಿದೆ. ಮೂರು ನಾಲ್ಕು ವರ್ಷ ಇಲ್ಲೇ ಇರುವವರಾದರೆ ಪಿನ್ಯಾ-ಸೆದಾ ಒಂದು ಹೊಲಿಸಿ. ಕೊಳ್ಳುವಾಗ ಬೆಳಕಿಗೆ ಹಿಡಿಯಿರಿ. ಎಳೆ ದಪ್ಪ-ತೆಳು ಇರಬೇಕು, ಅಲ್ಲಲ್ಲಿ ಸಣ್ಣ ಗಂಟು ಕಾಣಬೇಕು. ಒಂದೇ ಸಮ ಇದ್ದರೆ ಅನುಮಾನ ಪಡಿ. ಹೊಲಿದುಕೊಡುವವರು ರಿಪೇರಿ ಮಾಡ್ತಾರಾ ಅಂತ ಬೆಲೆಗಿಂತ ಮೊದಲು ಕೇಳಿ. ಎದೆ ಅಳತೆಯನ್ನು ಸ್ವಲ್ಪ ಸಡಿಲವಾಗಿಯೇ ಕೊಡಿ, ಬಿಗಿಯಾದರೆ ಹೊಲಿಗೆಯಲ್ಲೇ ಬಿಚ್ಚಿಕೊಳ್ಳುತ್ತೆ, ನಮ್ಮ ಹೊಟ್ಟೆಯೂ ಇದ್ದ ಹಾಗೇ ಇರುವುದಿಲ್ಲ ಅಲ್ವಾ.

ಡಿಸೆಂಬರ್ ಮದುವೆಗಳಿಗೆ ಬೇಕಿದ್ದರೆ ಆಗಸ್ಟಿನಲ್ಲೇ ಹೇಳಿಬಿಡಿ. ತಮ್ಮನಿಗೊಂದು ಹೊಲಿಸೋಣ ಅಂತ ನಾನು ಈ ಸಲ ಅಕ್ಟೋಬರಿನಲ್ಲಿ ಫೋನ್ ಮಾಡಿದೆ. ಆತೆ ನಕ್ಕು, ಜನವರಿ ಅಂದರು.