ಹೊತ್ತು ನೋಡಿ ಉಂಡಿದ್ದು, ತೂಗಿ ಉಂಡಿದ್ದು

ವಯಸ್ಸು 41, ಕುರ್ಚಿ ಕೆಲಸ, ಮಂಡ್ಯದಿಂದ ಮೈಸೂರಿಗೆ ದಿನಾ ರೈಲು. ಹೊಟ್ಟೆ ಕರಗಿಸಲು ಎರಡು ದಾರಿ ಹಿಡಿದು ನೋಡಿದೆ, ಒಂದೊಂದೂ ಎಂಟು ವಾರ. ಮೊದಲನೆಯದು ಗಡಿಯಾರದ್ದು: ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ಊಟ, ಲೆಕ್ಕ ಗಿಕ್ಕ ಇಲ್ಲ. ಒಂದು ತಿಂಗಳು ಬಿಟ್ಟು ಎರಡನೆಯದು: ಮೂರು ಹೊತ್ತೂ ಉಣ್ಣುವುದು, ಆದರೆ ತೂಗಿ, ದಿನಕ್ಕೆ 1,900 ಕ್ಯಾಲೊರಿ.

ಗಡಿಯಾರದ ಮೊದಲ ವಾರವೇ 1.6 ಕೆ.ಜಿ. ಇಳಿದೆ. ಆಫೀಸಿನಲ್ಲೆಲ್ಲ ಡಂಗುರ ಸಾರಿದ್ದೂ ಆಯ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಕಿಲೋ ಮೈಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಹಾಗಾದರೆ ದಿನಕ್ಕೆ 1,760ರಷ್ಟು ಕಡಿಮೆ ಉಂಡಿರಬೇಕಿತ್ತು; ನಾನೆಲ್ಲಿ ಅಷ್ಟು ಕಡಿಮೆ ಉಂಡಿದ್ದೆ! ಹೋಗಿದ್ದು ಬಹುಪಾಲು ನೀರು. ಮೈ ಕೂಡಿಟ್ಟುಕೊಳ್ಳುವ ಸಕ್ಕರೆ ದಾಸ್ತಾನು ಇದೆಯಲ್ಲ, ಗ್ಲೈಕೋಜನ್, ಅದು ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮ್ ನೀರು ಹಿಡಿದಿರುತ್ತದೆ, ಉಣ್ಣುವುದು ತಗ್ಗಿದರೆ ಮೊದಲು ಅದೇ ಖಾಲಿ.

ಆಮೇಲೆ ತೂಕದ ಮುಳ್ಳು ಅಷ್ಟಾಗಿ ಅಲ್ಲಾಡಲಿಲ್ಲ. ತಪ್ಪು ಸಂಜೆ ರೈಲಿನದು. ಏಳು ಗಂಟೆಗೆ ‘ವಡೆ ವಡೆ ಮದ್ದೂರ್ ವಡೆ’ ಅಂತ ಬುಟ್ಟಿ ಬರುತ್ತದೆ. ಮೊದಲಾದರೆ ಕಿಟಕಿ ಕಡೆ ತಿರುಗಿ ಕೂರುತ್ತಿದ್ದೆ. ಈಗ ಎಂಟಕ್ಕೆ ಬಾಯಿಗೆ ಬೀಗ ಅಲ್ಲವೇ, ಅಷ್ಟರೊಳಗೆ ಎರಡು ಇಳಿಸೋಣ ಅನ್ನಿಸೋದು. ಎಂಟು ವಾರಕ್ಕೆ ಒಟ್ಟು 2.1 ಕಿಲೋ, ಸೊಂಟ ಒಂದೂವರೆ ಸೆಂಟಿಮೀಟರ್. ಡಂಬೆಲ್ ಎತ್ತುವ ಶಕ್ತಿಯೂ ಕುಗ್ಗಿತು. 2020ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು ಇದೇ 12ರಿಂದ 8ರ ಪದ್ಧತಿಯನ್ನು 116 ಜನರ ಮೇಲೆ 12 ವಾರ ಪರೀಕ್ಷಿಸಿದ್ದರು: ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚು ತೂಕ ಇಳಿಯಲಿಲ್ಲ, ಇಳಿದುದರಲ್ಲೂ ಕೊಬ್ಬಲ್ಲದ ಪಾಲು, ಅಂದರೆ ಸ್ನಾಯು ಮುಂತಾದ್ದು, ದೊಡ್ಡದಿತ್ತು.

ತಕ್ಕಡಿ ಮನೆಗೆ ಬಂದ ದಿನ ಅವ್ವ, ‘ಉಣ್ಣೋದನ್ನ ತೂಗ್ಬಾರ್ದು ಕಣ್ ಮಗ, ದರಿದ್ರ ಬತ್ತದೆ’ ಅಂದಳು. ನನಗೆ ಮುದ್ದೆ ಮೇಲೇ ಅನುಮಾನ. ಅವಳು ಕಟ್ಟಿದ ಒಂದು ಮುದ್ದೆಗೆ 110 ಗ್ರಾಮ್ ರಾಗಿ ಹಿಟ್ಟು, ಸುಮಾರು 350 ಕ್ಯಾಲೊರಿ. ಮಧ್ಯಾಹ್ನದವರೆಗೆ ಹಸಿವಿಲ್ಲ. ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಕಳ್ಳರು ಬೇರೆ: ಒಗ್ಗರಣೆಗೆ ಅಂದಾಜಿನಲ್ಲಿ ಸುರಿಯುವ ಎಣ್ಣೆ, ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಐದು ಲೋಟ ಕಾಫಿಯ ಸಕ್ಕರೆ. ಟಿವಿ ಮುಂದೆ ಹುರಿದ ಕಡ್ಲೆಕಾಯಿ, ಒಂದು ಹಿಡಿ ಅಂದುಕೊಂಡಿದ್ದು ಮೂರು ಹಿಡಿ.

ಈ ಸಲ 3.4 ಕಿಲೋ, ಸೊಂಟ ಐದು ಸೆಂಟಿಮೀಟರ್. ಡಂಬೆಲ್ ಹಳೇ ಲೆಕ್ಕಕ್ಕೇ ನಿಂತಿತು. ಆದರೆ ಪ್ರೋಟೀನಿಗೆ ಅಂತ ಬೆಳಿಗ್ಗೆ ಎರಡು ಮೊಟ್ಟೆ, ರಾತ್ರಿ ಹುರುಳಿಕಾಳು ಸೇರಿಸಿದ್ದೆ. ಮೊದಲ ಸಲ ಅದಿರಲಿಲ್ಲ. ಹಾಗಾಗಿ ಪೂರ್ತಿ ನ್ಯಾಯದ ಪಂದ್ಯ ಇದಲ್ಲ.

ತೂಗುವುದು ರೇಜಿಗೆ ಕೆಲಸ, ಅದೂ ನಿಜ. ಬೀಗರೂಟದಲ್ಲಿ ತಕ್ಕಡಿ ತೆಗೆಯಲಾಗುತ್ತದೆಯೇ? ಗಡಿಯಾರ ಅಲ್ಲಿ ಸಲೀಸು. ರಾತ್ರಿ ಎಂಟಕ್ಕೆ ನಿಲ್ಲಿಸುವ ಅಭ್ಯಾಸ ಮಾತ್ರ ಉಳಿಸಿಕೊಂಡಿದ್ದೇನೆ, ಕಡ್ಲೆಕಾಯಿ ಡಬ್ಬ ಮುಚ್ಚಿರಲಿ ಅಂತ; ನಿದ್ದೆಯೂ ಚೆನ್ನಾಗಿ ಬರುತ್ತದೆ.

ಈಗ ಎಣ್ಣೆ ಮಾತ್ರ ಅಳೆಯುತ್ತೇನೆ. ವಡೆ ಶುಕ್ರವಾರ, ಒಂದೇ. ಮುದ್ದೆಯನ್ನು ತಕ್ಕಡಿ ಮೇಲಿಡಲು ಅವ್ವ ಬಿಡುವುದಿಲ್ಲ, ಆದರೆ ಅವಳ ಕೈ ಅಳತೆಯೇ ಈಚೆಗೆ ಯಾಕೋ ಸಣ್ಣದಾಗಿದೆ ಅಂತ ನನಗೆ ಗುಮಾನಿ.